ಪಿಂಗಾಣಿ ತಟ್ಟುವವನ ಎಂಟನೇ ಕಾಲಂ

ಹದಿನೇಳು ವರ್ಷದಿಂದ ನನ್ನ ಕೆಲಸ ತಟ್ಟುವುದು. ಪಿಂಗಾಣಿ ಕಾರ್ಖಾನೆಯ ಉದ್ದನೆಯ ಮೇಜಿನ ಮುಂದೆ ಕೂತು, ಭಟ್ಟಿಯಿಂದ ಬಂದ ಕಪ್‌ಗಳನ್ನು ಒಂದೊಂದಾಗಿ ಎಡಗೈಯ ಮೂರು ಬೆರಳಲ್ಲಿ ಎತ್ತಿ ಹಿಡಿದು, ಗೇಣುದ್ದದ ಮರದ ಕಡ್ಡಿಯಿಂದ ಅಂಚಿಗೆ ಒಂದೇ ಒಂದು ಸಲ ತಟ್ಟುತ್ತೇನೆ. ಠಣ್ ಎಂದರೆ ಬಲಗಡೆಯ ಪೆಟ್ಟಿಗೆಗೆ, ಠಪ್ ಎಂದರೆ ಎಡಗಡೆಗೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಕ್ಕಿಬೀಳುತ್ತದೆ. ಇಷ್ಟೇ ವಿದ್ಯೆ. ಕಲಿಯಲು ಎರಡು ವಾರ ಸಾಕು. ಅದರ ಬಗ್ಗೆ ಜಂಬ ಪಡಲು ಮಾತ್ರ ನನಗೆ ಹದಿನೇಳು ವರ್ಷವೂ ಸಾಲಲಿಲ್ಲ.

ತೊಂದರೆಯೆಂದರೆ ನನ್ನ ಕೈ ಕಾರ್ಖಾನೆಯ ಗೇಟಿನಲ್ಲಿ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಕಲ್ಲಂಗಡಿ ತಟ್ಟುತ್ತದೆ, ಅದಿರಲಿ, ಎಲ್ಲರ ಕೈಯೂ ತಟ್ಟುತ್ತದೆ. ನಾನು ಮೊಟ್ಟೆ ತಟ್ಟಿ ಬೈಸಿಕೊಂಡಿದ್ದೇನೆ. ಬಾಡಿಗೆ ಮನೆ ನೋಡಲು ಹೋಗಿ ಗೋಡೆ ತಟ್ಟಿ, ಮಾಲೀಕರ ಮುಖಕ್ಕೇ "ಒಳಗೆ ಟೊಳ್ಳು" ಎಂದು ಹೇಳಿ ಎರಡು ಒಳ್ಳೆಯ ಮನೆ ಕಳೆದುಕೊಂಡಿದ್ದೇನೆ. ಕಾರ್ಖಾನೆಯಲ್ಲಿ ಎಲ್ಲರೂ ನನ್ನನ್ನು ಠಣ್ ಎಂದು ಕರೆಯುತ್ತಾರೆ. ಹೆಂಡತಿ ಕೋಪ ಬಂದಾಗ ಮಾತ್ರ ಹಾಗೆ ಕರೆಯುತ್ತಾಳೆ, ಆದ್ದರಿಂದ ಮನೆಯಲ್ಲೂ ಆ ಹೆಸರು ಬಳಕೆಯಲ್ಲಿದೆ.

ಅವಳು ಸಿಟಿ ಬಸ್ಸಿನ ಡ್ರೈವರ್. ಮೂವತ್ತೆರಡನೇ ನಂಬರಿನ ಬಸ್ಸು. ನಮ್ಮ ಪರಿಚಯವಾದದ್ದೂ ಅದರಲ್ಲೇ. ಅಕ್ಕನ ಮನೆಗೆಂದು ಒಂದು ಪೆಟ್ಟಿಗೆ ಕಪ್ ಹಿಡಿದುಕೊಂಡು ಹೋಗುತ್ತಿದ್ದೆ. ಅವಳು ನಾಯಿಯೊಂದನ್ನು ಉಳಿಸಲು ಬ್ರೇಕ್ ಹಾಕಿದಳು, ಪೆಟ್ಟಿಗೆ ಜಾರಿ ಬಿತ್ತು. ನಾನು ಬಸ್ಸಿನ ಸೀಟುಗಳ ನಡುವೆಯೇ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಪ್ ತಟ್ಟಿ ನೋಡತೊಡಗಿದೆ. ಹಿಂದೆ ಜನ ಗದ್ದಲ ಎಬ್ಬಿಸಿದರು. ಅವಳು ಕನ್ನಡಿಯಲ್ಲಿ ನೋಡಿ, "ಇಳಿದು ತಟ್ಟಪ್ಪ" ಎಂದಳು. ಇಳಿದೆ. ಮರುದಿನ ಮತ್ತೆ ಹತ್ತಿದೆ. ಮದುವೆಯಾಗಿ ಈಗ ಹನ್ನೊಂದು ವರ್ಷ.

ನಮ್ಮ ಮನೆಯ ಫ್ಯಾನಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಡುಮನೆಗೆ ತಂದ ಹೊಸ ಫ್ಯಾನು ತಿರುಗುವಾಗ ಟಿಕ್ ಎನ್ನುತ್ತಿತ್ತು. ವಾಪಸ್ ಕೊಟ್ಟೆ. ಬದಲಿಗೆ ಬಂದದ್ದೂ ಟಿಕ್ ಎಂದಿತು. ಮೂರು ಸಲ ವಾಪಸ್ ಕೊಟ್ಟಿದ್ದೇನೆ. ಅಂಗಡಿಯವನು ನನ್ನನ್ನು ದೂರದಿಂದ ಕಂಡರೆ ಊಟಕ್ಕೆ ಹೋಗುತ್ತಾನೆ. ಈಗಿರುವುದು ನಾಲ್ಕನೆಯದು, ಅದೂ ಟಿಕ್ ಎನ್ನುತ್ತದೆ. ರಸೀದಿ ಗಡಿಯಾರದ ಹಿಂದೆ ಸಿದ್ಧವಾಗಿತ್ತು.

ಇಂಥವನು ಅಪ್ಪನಾಗುವ ಹಂತಕ್ಕೆ ಬಂದ.

ಈ ಹಿಂದೆ ಎರಡು ಸಲ ಉಳಿಯಲಿಲ್ಲ. ಮೊದಲನೆಯದು ಎಂಟನೇ ವಾರಕ್ಕೆ. ಎರಡನೆಯದು ಹದಿನಾರನೇ ವಾರಕ್ಕೆ, ಅವಳು ಬಸ್ಸಿನಲ್ಲಿರುವಾಗ. ಬಸ್ಸನ್ನು ನಿಲ್ದಾಣಕ್ಕೆ ತಂದು, ಪ್ರಯಾಣಿಕರನ್ನೆಲ್ಲ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ನನಗೆ ಫೋನ್ ಮಾಡಿದ್ದಳು. ಈಗ ಅವಳಿಗೆ ಮೂವತ್ತೊಂಬತ್ತು, ಮೂರನೆಯ ಸಲ, ಹನ್ನೆರಡನೇ ವಾರ. ಡಿಪೋದವರು ಅವಳನ್ನು ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ ಕೂರಿಸಿದ್ದರು. ದಿನಕ್ಕೆ ಹತ್ತು ಛತ್ರಿ ಬರೆದುಕೊಂಡು ಮನೆಗೆ ಬರುತ್ತಿದ್ದಳು. ನಾವಿಬ್ಬರೂ ಮಗುವಿನ ಹೆಸರು, ತೊಟ್ಟಿಲು ಇತ್ಯಾದಿ ಯಾವ ಮಾತನ್ನೂ ಆಡುತ್ತಿರಲಿಲ್ಲ. ಆಡಿದರೆ ಅದಕ್ಕೆ ಕೇಳಿಸಿಬಿಡುತ್ತದೇನೋ ಎಂಬಂತೆ ಇದ್ದೆವು.

ಒಂದು ಬೆಳಿಗ್ಗೆ ಅವಳು ಮಗ್ಗುಲಾಗಿ ಮಲಗಿದ್ದಳು. ನನ್ನ ತೋರುಬೆರಳು ತಾನಾಗಿಯೇ ಮಡಚಿಕೊಂಡು ಅವಳ ಹೊಟ್ಟೆಯ ಕಡೆ ಹೊರಟಿತ್ತು.

"ತಟ್ಟಿದ್ರೆ ಕೈ ಮುರೀತೀನಿ," ಎಂದಳು, ಕಣ್ಣು ಬಿಡದೆಯೇ.

ಅದೇ ವಾರ ಆಸ್ಪತ್ರೆಗೆ ಹೋದೆವು. ನರ್ಸ್ ಎರಡು ಹಾಳೆ ಕೊಟ್ಟರು. ಬಿಳಿಯದರಲ್ಲಿ ಮಾಡಿಸಲೇಬೇಕಾದ ಪರೀಕ್ಷೆಗಳು: ರಕ್ತ, ಸಕ್ಕರೆ, ಬಿ.ಪಿ. ಹಳದಿಯದು ಬೇರೆ.

"ಇದು ಕಡ್ಡಾಯ ಅಲ್ಲ," ಎಂದರು ಅವರು. "ಮಗುಗೆ ಡೌನ್ ಸಿಂಡ್ರೋಮ್, ಅಂದ್ರೆ ಹುಟ್ಟಿನಿಂದ್ಲೇ ಬೆಳವಣಿಗೆ ನಿಧಾನ ಇರೋದು, ಆ ಥರದ್ದು ಇರಬಹುದಾ ಅಂತ ನೋಡೋ ಪರೀಕ್ಷೆ. ಇದು ಹೌದು, ಅಲ್ಲ ಅಂತ ಹೇಳಲ್ಲ, ಅಂದಾಜು ಹೇಳುತ್ತೆ. ಇಷ್ಟರಲ್ಲಿ ಒಂದು ಅಂತ. ಅಂದಾಜು ಜಾಸ್ತಿ ಬಂದ್ರೆ, ಖಚಿತ ಮಾಡ್ಕೊಳಕ್ಕೆ ಸೂಜಿ ಹಾಕಿ ನೋಡೋದು ಇನ್ನೊಂದಿದೆ. ಅದರಿಂದ ಗರ್ಭ ಹೋಗೋ ಅಪಾಯ ತುಂಬಾ ಕಮ್ಮಿ, ಆದ್ರೆ ಇಲ್ವೇ ಇಲ್ಲ ಅಂತ ಹೇಳಕ್ಕಾಗಲ್ಲ. ಬೇಕು ಅಂದ್ರೂ ಸರಿ, ಬೇಡ ಅಂದ್ರೂ ಸರಿ. ಮುಂದಿನ ಶುಕ್ರವಾರ ಬಂದು ಸೈನ್ ಹಾಕಿ."

"ಬೇಕು," ಎಂದು ನಾನು ಪೆನ್ನಿಗೆ ಕೈ ಹಾಕಿದೆ.

ನರ್ಸ್ ಪೆನ್ನನ್ನು ಆ ಕಡೆ ಸರಿಸಿದರು. "ನಿಮ್ಮನ್ನ ಕೇಳ್ಲಿಲ್ಲ."

ಹೊರಗೆ ಮೆಟ್ಟಿಲಿಳಿಯುವಾಗ ಹೆಂಡತಿ, "ನನಗೆ ಬೇಡ ಅನ್ಸುತ್ತೆ," ಎಂದಳು. ನಾನು ಅಲ್ಲೇ ನಿಂತುಬಿಟ್ಟೆ. ಒಂದು ವಸ್ತುವನ್ನು ತಟ್ಟದೆ ಗೇಟಿನಿಂದ ಆಚೆ ಬಿಡುವುದೆಂದರೆ ಏನೆಂದು ನನ್ನ ತಲೆಗೆ ಹೋಗುವುದೇ ಇಲ್ಲ. ತಿಳಿದುಕೊಳ್ಳುವುದರಿಂದ ನಷ್ಟವೇನು ಎಂದು ಮನೆ ಮುಟ್ಟುವವರೆಗೆ ಅವಳ ತಲೆ ತಿಂದೆ. ಅವಳು ಸಿಗ್ನಲ್‌ಗಳನ್ನು ನೋಡುತ್ತಾ ನಡೆದಳು.

ಇನ್ನು ನಮ್ಮ ಕಾರ್ಖಾನೆಯ ತಪಾಸಣೆ ಹಾಳೆಯ ಬಗ್ಗೆ ಹೇಳಬೇಕು. ಅದರಲ್ಲಿ ಎಂಟು ಕಾಲಂ. ಏಳನೆಯದು 'ಪಾಸಾದರೆ', ಎಂಟನೆಯದು 'ಫೇಲಾದರೆ'. ಎಂಟನೆಯದರಲ್ಲಿ ಸಾಮಾನ್ಯವಾಗಿ ಮೂರೇ ಪದಗಳಲ್ಲಿ ಒಂದನ್ನು ಬರೆಯುತ್ತೇವೆ: ಒಡೆ, ಮಾರು, ಮನೆಗೆ. ಒಡೆ ಎಂದರೆ ಪುಡಿ ಮಾಡಿ ಮತ್ತೆ ಮಣ್ಣಿಗೆ ಬೆರೆಸುವುದು. ಮಾರು ಎಂದರೆ ಎರಡನೇ ದರ್ಜೆಯೆಂದು ಮಾರುವುದು. ಮನೆಗೆ ಎಂದರೆ ಕೆಲಸಗಾರರು ಒಯ್ಯಬಹುದು. ನಮ್ಮ ಮನೆಯಲ್ಲಿರುವ ಕಪ್‌ಗಳೆಲ್ಲ ಈ ಮೂರನೆಯ ಜಾತಿಯವು. ಕಿವಿ ಸೊಟ್ಟ, ತಳ ಓರೆ, ಹೂವಿನ ಚಿತ್ರ ತಲೆಕೆಳಗು. ಊರಿಗೆಲ್ಲ ಮೊದಲ ದರ್ಜೆ ಆರಿಸಿ ಕೊಡುವ ನಾನು ಹದಿನೇಳು ವರ್ಷದಿಂದ ಕುಡಿದದ್ದು ಸೊಟ್ಟ ಕಪ್ಪಿನಲ್ಲಿ.

ನನಗೆ ಕೆಲಸ ಕಲಿಸಿದ ಹಳೆಯ ಮೇಲ್ವಿಚಾರಕರನ್ನು ನಾವೆಲ್ಲ ದೊಡ್ಡೋರು ಎನ್ನುತ್ತಿದ್ದೆವು. ಅವರದೊಂದು ಕಟ್ಟಳೆ: ಕಡ್ಡಿ ಮುಟ್ಟುವ ಮೊದಲೇ ಏಳು ಮತ್ತು ಎಂಟನೇ ಕಾಲಂ ತುಂಬಿರಬೇಕು. ಫೇಲಾದದ್ದನ್ನು ಏನು ಮಾಡುತ್ತೀ ಎಂದು ಗೊತ್ತಿಲ್ಲದೆ ತಟ್ಟಬಾರದು. ಒಮ್ಮೆ ನಮ್ಮ ಕ್ಯಾಂಟೀನಿಗೆಂದೇ ಮಾಡಿದ ಕಪ್‌ಗಳು ಬಂದವು. ಪಾಸಾದರೆ ಕ್ಯಾಂಟೀನು, ಫೇಲಾದರೂ ಕ್ಯಾಂಟೀನು. ನಾನು ಎರಡೂ ಕಡೆ ಅದನ್ನೇ ಬರೆದು, ಬಹಳ ಶ್ರದ್ಧೆಯಿಂದ ತಟ್ಟಲು ಕೂತೆ. ದೊಡ್ಡೋರು ಹಿಂದಿನಿಂದ ಬಂದು ಕೈಯಿಂದ ಕಡ್ಡಿ ಕಿತ್ತುಕೊಂಡರು. "ಎರಡೂ ಕಡೆ ಒಂದೇ ಬರೆದ ಮೇಲೆ ಯಾಕೋ ತಟ್ತೀಯ, ಬೆಪ್ಪೇ?" ಎಂದರು. ಈ ಕತೆಯನ್ನು ನಾನು ಹೆಂಡತಿಗೆ ನಲವತ್ತು ಸಲವಾದರೂ ಹೇಳಿದ್ದೇನೆ. ಪ್ರತಿಸಲವೂ ಅದರಲ್ಲಿ ಬೆಪ್ಪು ಬೇರೆ ಯಾರೋ ಆಗಿರುತ್ತಿದ್ದ.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ಆ ಸಂಜೆ ನಾನು ಒಂದು ತಪಾಸಣೆ ಹಾಳೆಯನ್ನು ಚೀಲದಿಂದ ತೆಗೆದು, ಊಟದ ಮೇಜಿನ ಮೇಲೆ ಹಾಸಿ, ತುಂಬಲು ಕೂತೆ. ವಸ್ತು: ಮಗು. ಸಂಖ್ಯೆ: ಒಂದು. 'ಭಟ್ಟಿಯ ನಂಬರ್' ಎಂಬಲ್ಲಿ ಅಡ್ಡಗೆರೆ ಎಳೆಯುವಷ್ಟು ಬುದ್ಧಿ ನನಗಿತ್ತು ಎಂಬುದನ್ನು ದಯವಿಟ್ಟು ಗಮನಿಸಬೇಕು. ಹೀಗೆ ಗಂಭೀರವಾಗಿ ಏಳನೆಯ ಕಾಲಮ್ಮಿಗೆ ಬಂದೆ. ಪಾಸಾದರೆ: ಮನೆಗೆ. ಬರೆದು ನನಗೇ ಖುಷಿಯಾಯಿತು. ಎಂಟನೆಯದಕ್ಕೆ ಪೆನ್ನು ಒಯ್ದೆ. ಅಲ್ಲಿ ಕೈ ನಿಂತಿತು.

ಮೂರು ಪದಗಳಲ್ಲಿ ಮೊದಲನೆಯದು ನನ್ನ ತಲೆಗೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಬಂದದ್ದಕ್ಕೆ ಹೆದರಿ, ಪೆನ್ನಿನ ಮುಚ್ಚಳ ಹಾಕಿದೆ.

ಹೆಂಡತಿ ಟೀ ತಂದಿಟ್ಟು, ಹಾಳೆಯನ್ನು ತಿರುಗಿಸಿ ಓದಿದಳು. ಬೈಯುತ್ತಾಳೆ ಎಂದುಕೊಂಡೆ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

"ಬರಿ."

"ಯೋಚಿಸ್ತಿದೀನಿ."

"ಒಂದು ಪದ ತಾನೆ? ಕಪ್‌ಗಾದ್ರೆ ಅರ್ಧ ಸೆಕೆಂಡ್ ತಗೊಳಲ್ಲ ನೀನು."

ಆಗ ನಾನು ಭಾಷಣ ಶುರು ಮಾಡಿದೆ. ಕೈಯಲ್ಲಿದ್ದ ಸೊಟ್ಟ ಕಪ್ಪನ್ನು ಎತ್ತಿ ತೋರಿಸುತ್ತಾ, ನೋಡು, ಇದರ ಕಿವಿ ಸೊಟ್ಟ, ಆದರೂ ಟೀ ಅಷ್ಟೇ ಬಿಸಿ, ನಾವಿದನ್ನು ಎಷ್ಟು ಪ್ರೀತಿಯಿಂದ... ಎಂದು ಇನ್ನೂ ಪೀಠಿಕೆಯಲ್ಲಿದ್ದೆ.

"ಮಗೂನ ಕಪ್‌ಗೆ ಹೋಲಿಸಿದ್ರೆ ಇದನ್ನ ನಿನ್ನ ತಲೆ ಮೇಲೆ ತಟ್ತೀನಿ. ಠಣ್ ಅನ್ನುತ್ತೋ ಠಪ್ ಅನ್ನುತ್ತೋ ಇಬ್ರೂ ಕೇಳೋಣ."

ಕಪ್ಪನ್ನು ಕೆಳಗಿಟ್ಟೆ. ಅವಳು ಎಂಟನೇ ಕಾಲಮ್ಮಿನ ಮೇಲೆ ಬೆರಳಿಟ್ಟು ಹೇಳಿದಳು: "ನಾನು ಬೇಡ ಅಂತ ಸೈನ್ ಹಾಕ್ತೀನಿ. ಆದ್ರೆ ಅದಕ್ಕೆ ಮುಂಚೆ ನನಗೆ ಒಂದೇ ಒಂದು ಗೊತ್ತಾಗ್ಬೇಕು. ಇಲ್ಲಿ ನೀನೇನು ಬರೀತೀಯ ಅಂತ. ಮೂರು ಸಲ ಫ್ಯಾನ್ ವಾಪಸ್ ಕೊಟ್ಟೋನು ನೀನು. ಹುಟ್ಟಿದ ಮೇಲೆ ನಿನ್ನ ಮುಖ ನೋಡಿ ಗೊತ್ತು ಮಾಡ್ಕೊಳಕ್ಕೆ ನನಗೆ ಇಷ್ಟ ಇಲ್ಲ."

ಅವಳು ಎದ್ದು ಹೋದ ಮೇಲೂ ನಾನು ಆ ಹಾಳೆಯ ಮುಂದೆ ಕೂತಿದ್ದೆ. 'ಮನೆಗೆ' ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಅಂಥ ಹಾಳೆಯಲ್ಲಿ ನಾನು ಇವತ್ತಿನವರೆಗೆ ಸುಳ್ಳು ಬರೆದಿಲ್ಲ. ನನ್ನ ಇಡೀ ಜೀವನದಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ.

ಅಕ್ಕನಿಗೆ ಫೋನ್ ಮಾಡಿದೆ. "ಎಲ್ಲಾ ಪರೀಕ್ಷೆ ಮಾಡಿಸಿಬಿಡೋ, ಸ್ಕೂಟರಿಗೂ ಸರ್ವಿಸ್ ಮಾಡಿಸ್ತೀವಿ," ಎಂದಳು. ಅರ್ಧ ಗಂಟೆ ಬಿಟ್ಟು ಅವಳೇ ಫೋನ್ ಮಾಡಿ, "ಏನೂ ಮಾಡಿಸ್ಬೇಡ, ನಮ್ಮಮ್ಮ ಏನು ಮಾಡಿಸಿದ್ಲು ನಿನಗೆ?" ಎಂದಳು. ನನ್ನನ್ನು ನೋಡಿದ ಮೇಲೂ ಅಕ್ಕ ಆ ವಾದ ಹೂಡಿದಳಲ್ಲ ಎಂದು ಆಶ್ಚರ್ಯವಾಯಿತು.

ಪ್ಯಾಕಿಂಗ್ ವಿಭಾಗದಲ್ಲಿ ಒಬ್ಬರು ಹಿರಿಯ ಹೆಂಗಸಿದ್ದಾರೆ. ನಾವೆಲ್ಲ ಚಿಕ್ಕಮ್ಮ ಎನ್ನುತ್ತೇವೆ. ಅವರಿಗೆ ಹತ್ತೊಂಬತ್ತು ವರ್ಷದ ಮಗಳು, ಅವಳಿಗೆ ಡೌನ್ ಸಿಂಡ್ರೋಮ್ ಇದೆಯೆಂದು ಎಲ್ಲರಿಗೂ ಗೊತ್ತು. ಭಾನುವಾರ ಬೆಳಿಗ್ಗೆ ಅವರ ಮನೆ ಬಾಗಿಲು ತಟ್ಟಿದೆ. ಫ್ಯಾನು ಬಿಚ್ಚಬೇಕು, ಏಣಿ ಬೇಕಿತ್ತು ಎಂದೆ. ಏಣಿ ನಿಜವಾಗಿಯೂ ಬೇಕಿತ್ತು. ಆದರೆ ಏಣಿ ನಮ್ಮ ಪಕ್ಕದ ಮನೆಯಲ್ಲೂ ಇತ್ತು.

ಮಗಳು ನಡುಮನೆಯಲ್ಲಿ ಕೂತು ಅಮ್ಮನಿಗಾಗಿ ಹಳೆಯ ಪೇಪರನ್ನು ಚಚ್ಚೌಕವಾಗಿ ಹರಿದು ಜೋಡಿಸುತ್ತಿದ್ದಳು. ನನ್ನನ್ನು ಹಾವು-ಏಣಿ ಆಟಕ್ಕೆ ಕೂರಿಸಿದಳು. ನಾನು ದಾಳ ಹಾಕುತ್ತಾ ಅವಳ ಬೆರಳು ನೋಡಿದೆ, ಕಣ್ಣು ನೋಡಿದೆ, ಮಾತು ಎಲ್ಲಿ ತೊದಲುತ್ತದೆ ಎಂದು ಕಿವಿಗೊಟ್ಟೆ.

"ನೀನು ಯಾಕೆ ನನ್ನೇ ನೋಡ್ತೀಯ?" ಎಂದಳು. "ಆಟ ನೋಡು. ನಿನ್ನ ಕಾಯಿ ಹಾವಿನ ಬಾಯಲ್ಲಿದೆ."

ನೋಡಿದೆ, ಇತ್ತು. ಎರಡು ಆಟ ಸೋತೆ. ಮೂರನೆಯದರಲ್ಲಿ ಅವಳು ಒಂದು ಮನೆ ಹೆಚ್ಚು ನಡೆಸಿದಳು. ನಾನು ಅದನ್ನು ಎತ್ತಿ ಹೇಳಿದ್ದಕ್ಕೆ, "ಸೋತ್ರೆ ಅಳ್ತೀಯಾ?" ಎಂದು ಕೇಳಿ, ಕುಡಿದ ಲೋಟ ತೊಳೆದಿಡು ಎಂದು ನನ್ನನ್ನು ಅಡುಗೆಮನೆಗೆ ಅಟ್ಟಿದಳು. ತೊಳೆದಿಟ್ಟೆ.

ಚಿಕ್ಕಮ್ಮ ಏಣಿಯ ಇನ್ನೊಂದು ತುದಿ ಹಿಡಿದು ಗೇಟಿನವರೆಗೆ ಬಂದರು. "ನೋಡಿದ್ಯಾ?" ಎಂದರು.

"ಏನು?"

"ನೋಡೋಕೆ ಬಂದಿದ್ದನ್ನ."

ನನ್ನ ಮುಖ ಹೇಗಾಗಿತ್ತೋ ಗೊತ್ತಿಲ್ಲ. ಅಲ್ಲೇ ನೆಲ ಬಾಯಿ ಬಿಡಬಾರದೇ ಎನಿಸಿತು. ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ನಾನು ಮಾಡಿಸಿದ್ದೆ," ಎಂದರು. "ಮುಂಚೇನೇ ಗೊತ್ತಿತ್ತು ನನಗೆ. ಗೊತ್ತಾಗಿದ್ದು ಒಳ್ಳೇದೇ ಆಯ್ತು. ಅವಳು ಬರೋ ಹೊತ್ತಿಗೆ ಅಳೋದೆಲ್ಲ ಮುಗಿದಿತ್ತು, ಇಂಥ ಮಕ್ಕಳಿಗೆ ಹೃದಯದ ತೊಂದ್ರೆ ಇರಬಹುದು ಅಂತ ಅದರ ಡಾಕ್ಟರೂ ರೆಡಿ ಇದ್ರು. ನನಗೆ ಬೇಕಿತ್ತು, ಮಾಡಿಸ್ದೆ. ನಿನ್ನ ಹೆಂಡ್ತಿಗೆ ಬೇಡ. ಅವಳ ಕಾರಣ ಅವಳಿಗೆ. ಕೇಳಿದ್ಯಾ?"

"ಏನನ್ನ?"

"ಯಾಕೆ ಬೇಡ ಅಂತ."

ಕೇಳಿರಲಿಲ್ಲ. ನಾಲ್ಕು ದಿನ ಅವಳಿಗೆ ಪರೀಕ್ಷೆ ಯಾಕೆ ಬೇಕು ಎಂಬುದನ್ನಷ್ಟೇ ಹೇಳಿದ್ದೆ. ಏಣಿಯನ್ನು ಹೆಗಲ ಮೇಲಿಟ್ಟುಕೊಂಡು ನಾಲ್ಕು ಬೀದಿ ನಡೆದು ಮನೆಗೆ ಬಂದೆ. ದಾರಿಯಲ್ಲಿ ಇಬ್ಬರು ಬಲ್ಬು ಹಾಕಿಸಬೇಕಿತ್ತು, ಬರುತ್ತೀಯಾ ಎಂದು ಕೇಳಿದರು.

ಏಣಿ ತಂದ ಮೇಲೆ ಹತ್ತಲೇಬೇಕಾಯಿತು. ನಾನು ಮೇಲೆ ಸ್ಕ್ರೂ ಡ್ರೈವರ್ ಹಿಡಿದು ನಿಂತೆ. ಅವಳು ಕೆಳಗೆ ಕುರ್ಚಿಯಲ್ಲಿ ಕೂತು ಏಣಿಯ ಕಾಲು ಹಿಡಿದಿದ್ದಳು. ಏಣಿಯ ಮೇಲಿರುವವನು ಮಾತಿನ ಮಧ್ಯೆ ಎದ್ದು ಹೋಗುವಂತಿಲ್ಲ, ಅದೊಂದು ಅನುಕೂಲ.

"ಯಾಕೆ ಬೇಡ ನಿನಗೆ?" ಎಂದೆ, ಫ್ಯಾನಿಗೆ ಕೇಳುವ ಹಾಗೆ.

ಅವಳು ಏಣಿಯ ಕಾಲನ್ನು ಇನ್ನೊಂದು ಕೈಯಿಂದಲೂ ಹಿಡಿದಳು. ಆಮೇಲೆ, "ನನ್ನ ಬುದ್ಧಿ ನನಗೆ ಗೊತ್ತು," ಎಂದಳು. "ಒಂದು ನಂಬರ್ ಕೈಗೆ ಬಂತು ಅಂದ್ರೆ ನನಗೆ ತಡ್ಕೊಳಕ್ಕಾಗಲ್ಲ. ನಿದ್ದೆ ಹೋಗುತ್ತೆ. ಆಮೇಲೆ ಸೂಜಿ ಹಾಕಿ ಅಂತ ನಾನೇ ಹೋಗಿ ಕೂರ್ತೀನಿ. ಅದರಿಂದ ಏನಾದ್ರೂ ಆದ್ರೆ? ಆ ಎರಡು ತಾವಾಗೇ ಹೋದ್ವು. ಇದು ನನ್ನ ಸೈನಿಂದ ಹೋದ್ರೆ ನಾನು ಬದುಕಲ್ಲ. ತುಂಬಾ ಕಮ್ಮಿ ಅಪಾಯ ಅಂತಾರೆ. ಕಮ್ಮಿ ಅಂದಿದ್ದೆಲ್ಲ ನಮಗೆ ಆಗಿದೆ."

ಮೇಲಿನಿಂದ ಅವಳ ನೆತ್ತಿ ಮಾತ್ರ ಕಾಣುತ್ತಿತ್ತು. ಬೈತಲೆಯಲ್ಲಿ ನಾಲ್ಕೈದು ಬಿಳಿ ಕೂದಲು. ಹನ್ನೊಂದು ವರ್ಷದಲ್ಲಿ ನಾನು ಆ ಕೂದಲನ್ನು ನೋಡಿರಲಿಲ್ಲ. ಗೋಡೆಯ ಟೊಳ್ಳು ಕೇಳಿಸುವ ಕಿವಿಗೆ ನಾಲ್ಕು ದಿನದಿಂದ ಇದು ಕೇಳಿಸಿರಲಿಲ್ಲ. ಸ್ಕ್ರೂ ಡ್ರೈವರ್ ಕೈ ಜಾರಿ ಕೆಳಗೆ ಬಿತ್ತು, ಪುಣ್ಯಕ್ಕೆ ಅವಳ ಮೇಲಲ್ಲ.

"ನನಗೆ ಭಯ," ಎಂದೆ. "ಎಂಥ ಅಪ್ಪ ಆಗ್ತೀನೋ ಅಂತ ಭಯ."

"ನನಗೂ ಅದೇ ಭಯ," ಎಂದಳು. "ಇಳಿ, ಬೀಳ್ತೀಯ."

ಫ್ಯಾನು ಬಿಚ್ಚದೆ ಇಳಿದೆ.

ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ, ಕಾರ್ಖಾನೆಯ ಮೇಜಿನ ಮೇಲೆ ಆ ಹಾಳೆಯನ್ನು ಮತ್ತೆ ಬಿಡಿಸಿದೆ. ಆ ಹುಡುಗಿ ಆಟದಲ್ಲಿ ಒಂದು ಮನೆ ಹೆಚ್ಚು ನಡೆಸಿದ್ದು ನೆನಪಾಗಿ ನಗು ಬಂತು. ನಮ್ಮ ಮನೆಗೆ ಬರುವುದು ಹೇಗಿದ್ದರೂ ನನ್ನನ್ನು ಆಟದಲ್ಲಿ ಸೋಲಿಸುತ್ತದೆ, ಬಹುಶಃ ಲೋಟವನ್ನೂ ತೊಳೆಸುತ್ತದೆ ಎನಿಸಿತು. ಭಯ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಮೊದಲನೆಯ ಪದಕ್ಕಾಗಿ ತಲೆಯೊಳಗೆ ಹುಡುಕಿದರೆ ಅದು ಅಲ್ಲಿರಲಿಲ್ಲ. ಎರಡು ಸಲ ಹುಡುಕಿದೆ, ತಪಾಸಣೆಯವನಲ್ಲವೇ. ಆಮೇಲೆ ಬರೆದೆ.

ಶುಕ್ರವಾರ ಅದೇ ನರ್ಸ್, ಅದೇ ಹಳದಿ ಹಾಳೆ. "ಏನು ತೀರ್ಮಾನ ಮಾಡಿದ್ರಿ?" ಎಂದು ಅವರು ಕೇಳಿದರು, ನನ್ನನ್ನಲ್ಲ. ಹೆಂಡತಿ, "ಒಂದು ನಿಮಿಷ," ಎಂದು ನನ್ನ ಕಡೆ ತಿರುಗಿದಳು. ನಾನು ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಕೊಟ್ಟೆ. ಪಿಂಗಾಣಿ ಧೂಳು ಅವಳ ಮಡಿಲಿಗೆ ಉದುರಿತು.

ಅವಳು ಏಳನೆಯ ಕಾಲಂ ಓದಿದಳು. ಎಂಟನೆಯದನ್ನು ಓದಿದಳು. ಮತ್ತೆ ಏಳನೆಯದಕ್ಕೆ ಹೋದಳು.

"ಎರಡೂ ಕಡೆ ಒಂದೇ ಬರೆದಿದೀಯ."

"ಹೂಂ."

"ಮನೆಗೆ, ಮನೆಗೆ."

"ಹೂಂ."

"ಹಾಗಿದ್ರೆ ದೊಡ್ಡೋರು ಏನಂತಿದ್ರು?" ಅವಳ ಕಣ್ಣು ತುಂಬಿತ್ತು, ಆದರೆ ತುಟಿಯ ಕೊನೆಯಲ್ಲಿ ನಗು ತಡೆದುಕೊಂಡಿದ್ದಳು.

"ಯಾಕೋ ತಟ್ತೀಯ, ಬೆಪ್ಪೇ, ಅಂತಿದ್ರು."

"ಆ ಬೆಪ್ಪು ನೀನೇ ಅಂತ ನನಗೆ ಮೊದಲನೇ ಸಲಾನೇ ಗೊತ್ತಿತ್ತು," ಎಂದು ಹಳದಿ ಹಾಳೆಯಲ್ಲಿ 'ಬೇಡ' ಎಂಬ ಚೌಕಕ್ಕೆ ಗುರುತು ಹಾಕಿ, ಸಹಿ ಮಾಡಿದಳು. ನರ್ಸ್ ಎರಡೂ ಹಾಳೆಯನ್ನು ಎತ್ತಿಕೊಂಡು, ನಮ್ಮದನ್ನು ಮೇಲಿಂದ ಕೆಳಗೆ ಓದಿ, "ಇದು ನಮ್ದಲ್ಲ," ಎಂದು ವಾಪಸ್ ಕೊಟ್ಟರು. ಭಟ್ಟಿಯ ನಂಬರಿನ ಹತ್ತಿರ ಅವರ ಹುಬ್ಬು ಸ್ವಲ್ಪ ಮೇಲೆ ಹೋಗಿತ್ತು.

ಮನೆಗೆ ಮೂವತ್ತೆರಡನೇ ನಂಬರಿನ ಬಸ್ಸಿನಲ್ಲಿ ಬಂದೆವು. ಬೇರೆ ಡ್ರೈವರ್ ಓಡಿಸುತ್ತಿದ್ದ. ಪ್ರತಿ ತಿರುವಿನಲ್ಲೂ ಅವಳ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

"ಫ್ಯಾನ್ ಯಾವಾಗ ವಾಪಸ್ ಕೊಡ್ತೀಯ?" ಎಂದು ಕೇಳಿದಳು. "ಚಿಕ್ಕಮ್ಮಂಗೆ ಏಣಿ ಬೇರೆ ಕೊಡ್ಬೇಕು."

"ಇರ್ಲಿ ಬಿಡು," ಎಂದೆ. "ತಿರುಗ್ತಿದೆಯಲ್ಲ."

ಎರಡು ನಿಲ್ದಾಣ ದಾಟಿದ ಮೇಲೆ ಅವಳು ನನ್ನ ಬಲಗೈ ಎಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ನಾನು ಬೆರಳುಗಳನ್ನು ಮಡಚದೆ, ಪೂರ್ತಿ ಬಿಡಿಸಿಯೇ ಇಟ್ಟುಕೊಂಡು ಕೂತೆ.